ನಾಲ್ಕನೆಯ ದಿನದ ಏರು

ಟೆಂಟಿನ ಮೇಲೆ ಕೂತಿದ್ದ ಇಬ್ಬನಿಯನ್ನು ಕೊಡವಿ, ಅತ್ತಿಗೆ ಒದ್ದೆ ಕಾಲುಚೀಲಕ್ಕೆ ಕಾಲು ತೂರಿಸಿದಳು. ನಾದಿನಿ ಆಗಲೇ ಸ್ಟೌ ಮಡಚಿ ಬೆನ್ನುಚೀಲಕ್ಕೆ ಸೇರಿಸಿದ್ದಳು. ಹತ್ತು ದಿನಗಳ ಬೆಟ್ಟದ ನಡಿಗೆಯಲ್ಲಿ ಅದು ನಾಲ್ಕನೆಯ ದಿನ. ಎಲ್ಲಕ್ಕಿಂತ ಕಡಿದಾದ ಏರು ಅಂದೇ ಇತ್ತು.

ಈ ದಾರಿಗಾಗಿ ಹಂಬಲಿಸಿದ್ದವನು ಅತ್ತಿಗೆಯ ಗಂಡ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ಅಭ್ಯಾಸಕ್ಕೆಂದು ಚೀಲಕ್ಕೆ ಹಳೆಯ ನಿಘಂಟುಗಳನ್ನು ತುಂಬಿಕೊಂಡು ನಾಲ್ಕು ಮಹಡಿಯ ಮೆಟ್ಟಿಲನ್ನು ದಿನಾ ಹತ್ತಿಳಿಯುತ್ತಿದ್ದ. "ಮನೆ ಖಾಲಿ ಮಾಡ್ತಿದ್ದೀರಾ?" ಎಂದು ಕೆಳಗಿನ ಮನೆಯವರು ನಗುತ್ತಿದ್ದರು. ಎಂಟು ತಿಂಗಳ ಹಿಂದೆ ಕಚೇರಿಯಲ್ಲಿ ಕಟ್ಟು ಬಿಚ್ಚುತ್ತಲೇ ಕುಸಿದವನು ಮತ್ತೆ ಏಳಲಿಲ್ಲ. "ಅಣ್ಣನ ಬದಲು ನಾವೇ ಹೋಗೋಣ" ಎಂದು ಅವನ ತಂಗಿ, ಈ ನಾದಿನಿ, ಹಟ ಹಿಡಿದಳು. ಅತ್ತಿಗೆ ಹೂಂ ಎಂದಳು. ಬೇಕು, ಬೇಡ ಎರಡೂ ಅವಳಲ್ಲಿ ಉಳಿದಿರಲಿಲ್ಲ.

ನಾದಿನಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳ ಮಾತೆಂದರೆ ಅರಳು ಹುರಿದಂತೆ. ಹಳ್ಳ ದಾಟುವಾಗ ಅತ್ತಿಗೆ ಪಾಚಿಗಲ್ಲಿನ ಮೇಲೆ ಜಾರಿ ಸೊಂಟದವರೆಗೆ ನೀರಿಗೆ ಬಿದ್ದಾಗಲೂ, ಅವಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಲೇ ನಾದಿನಿ ಅಂದಳು: "ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ!"

ಅತ್ತಿಗೆ ನಗಲಿಲ್ಲ. ದಡಕ್ಕೆ ಬಂದು ಮತ್ತೆ ನಡೆಯತೊಡಗಿದಳು. ನೂರು ಹೆಜ್ಜೆ ನಡೆದ ಮೇಲೆ ನಾದಿನಿಯೇ ಚೀರಿದಳು.

"ಅತ್ತಿಗೆ, ಕೈ ನೋಡ್ಕೊಳ್ಳಿ! ರಕ್ತ ಸುರೀತಿದೆ!"

ಅಂಗೈ ಉದ್ದಕ್ಕೆ ಸೀಳಿಹೋಗಿತ್ತು. ಅತ್ತಿಗೆ ಅದನ್ನು ಬೇರೆ ಯಾರದೋ ಕೈಯಂತೆ ನೋಡಿದಳು.

"ಉರಿಯಲ್ವಾ ನಿಮ್ಗೆ?"

"ಗೊತ್ತಾಗ್ಲಿಲ್ಲ ಕಣೆ."

ನಾದಿನಿ ಬಂಡೆಯ ಮೇಲೆ ಕೂರಿಸಿ ಪಟ್ಟಿ ಕಟ್ಟಿದಳು. ಕಟ್ಟುತ್ತಾ ಅವಳ ದನಿ ಬದಲಾಯಿತು. "ಅಣ್ಣ ಹೋದಾಗ್ಲೂ ನೀವು ಹೀಗೇ ಇದ್ರಿ. ಕಲ್ಲೆದೆ ಅಂತ ಚಿಕ್ಕಮ್ಮ ಅಂದ್ರು. ನಾನು ಅವರ ಹತ್ರ ಜಗಳ ಆಡ್ದೆ."

ಪರದೆ ಹೊಲಿಯುವ ಅಂಗಡಿಯಲ್ಲಿ ಅತ್ತಿಗೆಗೆ ಹತ್ತೊಂಬತ್ತು ವರ್ಷದ ಅನುಭವ.

"ಅವತ್ತು ಫೋನ್ ಬಂದಾಗ ಒಂದು ಪರದೆ ಮೆಷಿನ್ ಮೇಲಿತ್ತು. ಜೀವ ಹೋಗಿದೆ ಅಂತ ಕಚೇರಿಯವರು ಫೋನಲ್ಲೇ ಹೇಳಿದ್ರು. ನಾನು ಫೋನ್ ಇಟ್ಟು ಅಂಚು ಹೊಲಿದು ಮುಗಿಸ್ದೆ. ಇಸ್ತ್ರಿ ಹಾಕಿ ಮಡಚಿಟ್ಟೆ. ಆಮೇಲೆ ಹೊರಟೆ."

"ಎಷ್ಟು ಹೊತ್ತು?"

"ಅರ್ಧ ಗಂಟೆ ಇರಬಹುದು."

"ಅಣ್ಣ ಅಲ್ಲಿ ಒಬ್ನೇ ಮಲಗಿದ್ದಾಗ?"

"ಹೂಂ."

ನಾದಿನಿ ಎದ್ದು ಚೀಲ ಏರಿಸಿಕೊಂಡು ಹೊರಟುಹೋದಳು. ತಿರುವಿನಲ್ಲಿ ಅವಳ ಕೆಂಪು ಟೋಪಿ ಒಮ್ಮೆ ಕಂಡಿತು, ಆಮೇಲೆ ಅದೂ ಇಲ್ಲ.

ಮೂರು ಗಂಟೆ ಅತ್ತಿಗೆ ಒಬ್ಬಳೇ ಏರಿದಳು. ಮರಗಳು ಮುಗಿದು ಕುರುಚಲು, ಕುರುಚಲು ಮುಗಿದು ಬರಿಗಲ್ಲು. ಹೇಳಬಾರದಿತ್ತು ಎಂದೂ ಅನ್ನಿಸಲಿಲ್ಲ, ಹೇಳಿದ್ದಕ್ಕೆ ಹಗುರವೂ ಆಗಲಿಲ್ಲ. ಏರಿನ ನೆತ್ತಿಯಲ್ಲಿ ನಿಂತಾಗ ಆಚೆ ಬದಿಯ ಸಾಲು ಸಾಲು ಬೆಟ್ಟ ಕಂಡವು. ಗಂಡ ಗೋಡೆಗೆ ಅಂಟಿಸಿದ್ದ ಚಿತ್ರ ಇದೇ ಇರಬೇಕು. ಚೆನ್ನಾಗಿದೆ ಎಂದು ತಿಳಿಯಿತು, ಅಷ್ಟೇ. ಇಳಿಯತೊಡಗಿದಳು.

ಕತ್ತಲಾಗುವ ಮುಂಚೆ ನಡಿಗೆಯವರ ತಂಗುಮನೆ ಸಿಕ್ಕಿತು. ನಾದಿನಿ ಮೆಟ್ಟಿಲ ಮೇಲೆ ಕೂತಿದ್ದಳು. ಕಣ್ಣು ಊದಿತ್ತು. ಎದ್ದು ಬಂದು ಅತ್ತಿಗೆಯ ಹೆಗಲಿನಿಂದ ಚೀಲ ಇಳಿಸಿದಳು.

"ಕೈ ಕೊಡಿ."

ಹಳೆಯ ಪಟ್ಟಿ ಬಿಚ್ಚಿ, ತೊಳೆದು, ಹೊಸದು ಕಟ್ಟಿದಳು. "ಆ ಅರ್ಧ ಗಂಟೆ ವಿಷಯ ಅಮ್ಮನಿಗೆ ಮಾತ್ರ ಹೇಳ್ಬೇಡಿ."

"ಇಲ್ಲ."

"ನಂಗೆ ಸಿಟ್ಟು ಇಳಿದಿಲ್ಲ."

"ಇಳೀದಿದ್ರೂ ಪರವಾಗಿಲ್ಲ ಬಿಡು."

ತಂಗುಮನೆ ನೋಡಿಕೊಳ್ಳುವ ಮುದುಕ ಒಳಗಿನಿಂದ ಕೂಗಿದ. "ಬೆಳಿಗ್ಗೆ ಜೀಪು ಕೆಳಗೆ ಹೋಗುತ್ತೆ. ಕೈ ಗಾಯ ಆದೋರು ಇಳೀತೀರೇನಮ್ಮಾ?"

ನಾದಿನಿ ಅತ್ತಿಗೆಯ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. "ಬೇಡ ತಾತ," ಎಂದು ತಾನೇ ಉತ್ತರಿಸಿದಳು. "ಇಬ್ರೂ ಮುಂದಕ್ಕೇ ಹೋಗ್ತೀವಿ." ಆಮೇಲೆ ತಗ್ಗಿದ ದನಿಯಲ್ಲಿ, "ನಾಳೆ ನೀವು ಮುಂದೆ ನಡೀರಿ. ನಾನು ಹಿಂದೆ ಇರ್ತೀನಿ" ಎಂದಳು.

ಅತ್ತಿಗೆ ತಲೆಯಾಡಿಸಿದಳು. ಹಸಿವಾಗಿತ್ತು. ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಎರಡು ಬಟ್ಟಲು ಬಿಸಿ ಸೂಪು ಕುಡಿದಳು.