ಹಿಮ ಇದ್ದಾಗ ಹೇಳುವ ಕಥೆ

ಪದವಿಯ ಕಪ್ಪು ಗೌನಿನ ಕೊಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ತಾನಿಸ್ ಲಿಂಕ್ಲೇಟರಿಗೆ ಬೆನ್ನ ಹಿಂದೆ ಅಜ್ಜಿಯ ನಗು ಕೇಳಿಸಿತು. ಅಜ್ಜಿ ಇದ್ದದ್ದು ಎದುರಿಗೆ. ಬೆಂಚಿನ ಮೇಲೆ ಕೂತು, ಬಸ್ಸಿನಲ್ಲಿ ತಿಂದು ಉಳಿಸಿದ ಬ್ಯಾನಕ್ ರೊಟ್ಟಿಯನ್ನು ಅಗಿಯುತ್ತಿದ್ದಳು. ಬಾಯಿ ತುಂಬಾ ರೊಟ್ಟಿ ಇಟ್ಟುಕೊಂಡು ಯಾರು ತಾನೇ ಹಾಗೆ ಗೊಳ್ಳೆಂದು ನಗುತ್ತಾರೆ?

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು.

"ಅದು ನಾನಲ್ವೇನೇ?"

ತಾನಿಸ್ ತಿರುಗಿ ನೋಡಿದರೆ, ವಿಶ್ವವಿದ್ಯಾಲಯದ ಹುಲ್ಲಂಗಳದ ನಡುವೆ ನೀಲಿ ಸೂಟಿನ ಗಂಡಸೊಬ್ಬ, ಯಾವ ಹುಡುಗನ ಅಪ್ಪನೋ, ಫೋನನ್ನು ಮುಖದ ಮುಂದೆ ಎತ್ತಿ ಹಿಡಿದು ಹೆಂಡತಿಯನ್ನು ಕರೆಯುತ್ತಿದ್ದ. "ಬಾರೇ ಇಲ್ಲಿ, ಅಜ್ಜಿ ಕಥೆ ಹೇಳ್ತಾ ಇದೆ! ಎಷ್ಟ್ ಮಜವಾಗ್ ಹೇಳುತ್ತೆ ನೋಡು!" ಪಕ್ಕದಲ್ಲಿದ್ದವರೂ ಫೋನೆತ್ತಿದರು. ಒಂದು ನಗು ಮುಗಿಯುವುದರೊಳಗೆ ಇನ್ನೊಂದು ಫೋನಿನಲ್ಲಿ ಅದೇ ನಗು ಶುರುವಾಯಿತು.

ಅಜ್ಜಿ ಹೇಳುವ ಆ ಕಥೆಗಳನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳಬೇಕು. ಬೇಸಿಗೆಯಲ್ಲಿ ಹೇಳಿದರೆ ಕಪ್ಪೆಗಳು ಹಾಸಿಗೆ ಹತ್ತುತ್ತವೆ ಎಂದು ಅವಳ ಕಡೆಯ ಕ್ರೀ ಎಂಬ ಮೂಲನಿವಾಸಿ ಜನ ಮಕ್ಕಳನ್ನು ಹೆದರಿಸುತ್ತಾರೆ. ದೊಡ್ಡವರಿಗೆ ಕಪ್ಪೆಯ ಹೆದರಿಕೆ ಬೇಕಾಗಿಲ್ಲ, ಹೇಳಬಾರದು ಎಂದರೆ ಹೇಳಬಾರದು. ಆ ಕಥೆಗಳ ತುಂಟ ನಾಯಕನ ಹೆಸರನ್ನು ಕೂಡ ಬೇಸಿಗೆಯ ತಿಂಗಳಲ್ಲಿ ಯಾರೂ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ಹಿಂದೆ ಎಷ್ಟೋ ಪಂಡಿತರು ಧ್ವನಿ ಮುದ್ರಿಸುವ ಯಂತ್ರ ಹಿಡಿದು ಉತ್ತರದ ಅವಳ ಮನೆ ಬಾಗಿಲಿಗೆ ಹೋಗಿದ್ದುಂಟು. ಎಲ್ಲರಿಗೂ ಚಹಾ ಕುಡಿಸಿ, ಹವಾಮಾನದ ಬಗ್ಗೆ ಮಾತಾಡಿಸಿ ಸಾಗಹಾಕಿದ್ದಳು. ಮೊಮ್ಮಗಳು ಕೇಳಿದಾಗ ಮಾತ್ರ ಇಲ್ಲವೆನ್ನಲು ಬಾಯಿ ಬರಲಿಲ್ಲ. ವಿಶ್ವವಿದ್ಯಾಲಯದ ಅಂಗಳದಲ್ಲಿ ಫೋನೆತ್ತಿದರೆ ಅದರ ಪರದೆಯಲ್ಲಿ ಅಜ್ಜಿ ಕುರ್ಚಿಯಲ್ಲಿ ಕೂತು ಕಥೆ ಹೇಳುವುದು ಕಾಣಬೇಕು, ಅದು ತಾನಿಸ್ ತನ್ನ ಕಲೆಯ ಓದಿಗಾಗಿ ಮಾಡಬೇಕೆಂದಿದ್ದ ಕೆಲಸ.

"ಹಿಮ ಕರಗಿದ ದಿನ ನನ್ ಬಾಯಿ ಮುಚ್ಚಿಸ್ಬೇಕು. ಮುಚ್ಚಿಸ್ತೀಯಾ?" ಎಂದಿದ್ದಳು ಅಜ್ಜಿ.

"ಮುಚ್ಚಿಸ್ತೀನಿ, ಕೊಕುಮ್," ಎಂದಿದ್ದಳು ತಾನಿಸ್. ಅವರ ಮಾತಿನಲ್ಲಿ ಕೊಕುಮ್ ಎಂದರೆ ಅಜ್ಜಿ.

"ನಿಮ್ಮಜ್ಜನ ಕೈಲೇ ಆಗ್ಲಿಲ್ಲ ಅದು. ನೋಡೋಣ, ನೀನೇನ್ ಮಾಡ್ತೀಯೋ."

ತಾನಿಸ್ ಆ ಮಾತನ್ನು ದೇವರ ಮೇಲೆ ಆಣೆಯಿಟ್ಟಂತೆ ಹಿಡಿದಳು. ಅವಳ ಗುರು ಡಾರಿಯಾ ಕೊವಾಲ್ಚುಕ್, "ಸುಮ್ನೆ ತಾರೀಖು ಹಾಕ್ಬಿಡೋಣ ಮಾರಾಯ್ತಿ, ಏಪ್ರಿಲ್ ಬಂತು ಅಂದ್ರೆ ತಾನೇ ನಿಲ್ಲುತ್ತೆ," ಎಂದರೂ ಕೇಳಲಿಲ್ಲ. "ಕೊಕುಮ್ ಹೇಳಿದ್ದು ಹಿಮ. ಕ್ಯಾಲೆಂಡರ್ ಅಲ್ಲ." ಹಾಗಾಗಿ ನೆಲ ನೋಡುವ ಕೆಲಸವನ್ನು ಫೋನಿನ ಕಣ್ಣಿಗೇ ವಹಿಸಿದರು. ನೆಲ ಬೆಳ್ಳಗಿದ್ದರೆ ಕಥೆ, ಹಸಿರಾಗಿದ್ದರೆ ಬರೀ ಖಾಲಿ ಕುರ್ಚಿ. ಮೋಸ ಹೋಗುತ್ತದೋ ಎಂದು ಬೆಡ್‌ಶೀಟ್ ಹಾಸಿ ನೋಡಿದರು, ಮೈದಾ ಹಿಟ್ಟು ಚೆಲ್ಲಿ ನೋಡಿದರು. ಫೋನಿನ ಅಜ್ಜಿ ತುಟಿ ಬಿಚ್ಚಲಿಲ್ಲ. ಇಬ್ಬರೂ ಹಿಗ್ಗಿದರು.

ಆ ಚಳಿಗಾಲ ಮಾತ್ರ ಅಂಗಳದಲ್ಲಿ ಹಿಂದೆಂದೂ ಕಾಣದ್ದು ನಡೆಯಿತು. ಮೂಗಿನ ತನಕ ಮಫ್ಲರ್ ಸುತ್ತಿ, ಒಬ್ಬರ ಮುಖ ಒಬ್ಬರು ನೋಡದೆ ಓಡುತ್ತಿದ್ದ ಹುಡುಗರು ಅಲ್ಲಿ ನಿಲ್ಲತೊಡಗಿದರು. ಆ ಚಳಿಗೆ ಫೋನುಗಳು ಒಂದೊಂದಾಗಿ ಪ್ರಾಣ ಬಿಡುತ್ತಿದ್ದವು. ಕೊನೆಗೆ ಯಾರ ಫೋನು ಉಸಿರಾಡುತ್ತಿದೆಯೋ ಅದರ ಸುತ್ತ ಎಲ್ಲರೂ ಹೆಗಲಿಗೆ ಹೆಗಲು ಒತ್ತಿ ನಿಲ್ಲಬೇಕು, ಕೈಗವಸು ತೆಗೆದು ಸರದಿಯ ಮೇಲೆ ಹಿಡಿಯಬೇಕು. ಲೇಗೋಸಿನಿಂದ ಬಂದ ಹುಡುಗಿಯೊಬ್ಬಳು ದಿನಾ ಫ್ಲಾಸ್ಕಿನಲ್ಲಿ ಚಹಾ ತಂದಳು. ಕಥೆಯ ತುಂಟ ಪೇಚಿಗೆ ಸಿಕ್ಕಾಗ ಎಲ್ಲರೂ ಒಟ್ಟಿಗೇ ನಕ್ಕರು. ಏಪ್ರಿಲಿನಲ್ಲಿ ಹಿಮ ಕರಗಿ ಕುರ್ಚಿ ಖಾಲಿಯಾದಾಗ, "ಕೊಕುಮ್ ರಜಾ ಹಾಕಿದಾರೆ," ಎಂದುಕೊಂಡು ಹೋದರು. ಯಾರೂ ತಕರಾರು ಮಾಡಲಿಲ್ಲ.

ಈಗ ಜೂನ್. ಪದವಿ ಕೊಡುವ ದಿನ. ಮತ್ತು ಪಾಪ್ಲರ್ ಮರಗಳು ಬೀಜದ ಬಿಳಿ ಹತ್ತಿ ಉದುರಿಸುವ ಕಾಲ. ರಾತ್ರಿಯಿಡೀ ಗಾಳಿಗೆ ಉದುರಿದ ಹತ್ತಿ ಹುಲ್ಲಿನ ಮೇಲೆ ಅಂಗೈ ದಪ್ಪ ಕೂತಿತ್ತು, ದಿಬ್ಬ ದಿಬ್ಬವಾಗಿ, ಥೇಟ್ ಹಿಮದ ಹಾಗೇ. ಪ್ರತಿ ಜೂನಿನಲ್ಲೂ ಈ ಹತ್ತಿಗೆ ಸೀನುತ್ತಾ, ಶಪಿಸುತ್ತಾ ಬೆಳೆದವರು ತಾನಿಸ್, ಡಾರಿಯಾ ಇಬ್ಬರೂ. ಬೆಡ್‌ಶೀಟು, ಹಿಟ್ಟು ಎಲ್ಲ ಹೊಳೆದ ತಲೆಗೆ ಇದೊಂದು ಹೊಳೆಯಬಾರದಿತ್ತೇ!

ತಾನಿಸ್ ಗೌನೆತ್ತಿಕೊಂಡು ಓಡಿದಳು. "ಮುಚ್ಚಿ! ದಯವಿಟ್ಟು ಫೋನ್ ಮುಚ್ಚಿ! ಇದನ್ನ ಈಗ ಕೇಳ್ಬಾರದು!"

"ಯಾಕಮ್ಮಾ? ಕೆಟ್ಟದ್ದೇನೂ ಹೇಳ್ತಿಲ್ವಲ್ಲ," ಎಂದ ನೀಲಿ ಸೂಟಿನವನು. ಅಷ್ಟರಲ್ಲಿ ಅವನ ಕಣ್ಣು ಹಿಂದೆ ನಿಧಾನವಾಗಿ ಬರುತ್ತಿದ್ದ ಅಜ್ಜಿಯ ಮೇಲೆ ಬಿತ್ತು. ಫೋನು ನೋಡಿದ, ಅವಳನ್ನು ನೋಡಿದ. "ಅರೆ, ಇವ್ರೇ ಅಲ್ವಾ ಅವ್ರು! ಒಂದ್ ಫೋಟೋ ತೆಗೀಲಾ?"

ಡಾರಿಯಾ ಎತ್ತರದ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡಿಬಂದಳು. "ಕಥೆ ನಿಲ್ಸೋಕೆ ಕಂಪ್ಯೂಟರಿಗೆ ಹಾಕಿದೀನಿ ತಾನಿಸ್. ಆದ್ರೆ ಆಗ್ಲೇ ಇಳಿಸ್ಕೊಂಡಿರೋರ ಫೋನಲ್ಲಿ ನಿಲ್ಲಲ್ಲ. ಅವರಾಗೇ ಮುಚ್ಚಬೇಕು." ಗೇಟಿನಲ್ಲಿ ಬಂದವರಿಗೆಲ್ಲ, ಫೋನೆತ್ತಿ ಕುರ್ಚಿ ನೋಡಿ ಎಂದು ಚೀಟಿ ಹಂಚಿಸಿದ್ದವಳೂ ಅವಳೇ. ಜನ ಇನ್ನೂ ಬರುತ್ತಲೇ ಇದ್ದರು.

ತಾನಿಸ್ ಅಜ್ಜಿಯ ಕಡೆ ತಿರುಗಿದಳು. "ಬೇಕು ಅಂತ ಮಾಡಿದ್ದಲ್ಲ ಕೊಕುಮ್. ಹತ್ತಿ ನೋಡಿ ಹಿಮ ಅಂದ್ಕೊಂಡಿದೆ ಅದು."

ಅಜ್ಜಿ ಸುತ್ತಲಿನ ಫೋನುಗಳ ಮಾತಿಗೆ ಕಿವಿಗೊಟ್ಟು ನಿಂತಳು. "ಫೋನಿನವಳದೇನು ತಪ್ಪು?" ಎಂದಳು. "ಹಿಮ ಬಿದ್ದಿದೆ ಅಂತ ಅವಳಿಗೆ ನೀವೇ ಹೇಳ್ಕೊಟ್ಟಿದೀರ."

ತಲೆಗೆ ಕಟ್ಟಿದ್ದ ಹೂವಿನ ಸ್ಕಾರ್ಫ್ ಬಿಚ್ಚಿದಳು. ಕಷ್ಟಪಟ್ಟು ಮಂಡಿಯೂರಿ, ನೀಲಿ ಸೂಟಿನವನ ಕಾಲ ಬುಡದಲ್ಲಿ ಹತ್ತಿಯನ್ನು ಒತ್ತರಿಸತೊಡಗಿದಳು. ಹುಲ್ಲು ಹಸಿರಾಗಿ ಕಂಡಿತು. ಅವನ ಕೈಯ ಫೋನು ಮಾತಿನ ನಡುವೆಯೇ ಸುಮ್ಮನಾಯಿತು.

"ನಿಲ್ತಾ?" ಕೇಳಿದಳು ಅಜ್ಜಿ.

"ನಿಲ್ತು," ಎಂದ ಅವನು. ಯಾಕೋ ಅವನ ದನಿ ಇಳಿದಿತ್ತು.

"ಹಾಗಾದ್ರೆ ಗುಡಿಸಿದ್ರಾಯ್ತು." ಅವಳು ಮಂಡಿಯ ಮೇಲೇ ಮುಂದಕ್ಕೆ ಸರಿದಳು.

ತಾನಿಸ್ ಗೌನಿನ ಸಮೇತ ಅಜ್ಜಿಯ ಪಕ್ಕ ಮಂಡಿಯೂರಿ ಎರಡೂ ಕೈಯಲ್ಲಿ ಬಾಚತೊಡಗಿದಳು. ಹತ್ತಿ ಕೈಗೆ ಸಿಕ್ಕರೆ ತಾನೇ? ಬೆರಳ ಸಂದಿಯಿಂದ ಎದ್ದು ತೋಳಿಗೆ, ಕೂದಲಿಗೆ ಹತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಪದವಿ ಸಮಾರಂಭದ ಡೇರೆಯ ಧ್ವನಿವರ್ಧಕ ಅವಳ ಸಾಲಿನವರನ್ನು ಕರೆಯಿತು.

"ಏಳು, ಹೋಗು," ಎಂದಳು ಅಜ್ಜಿ.

"ನೀನು? ನನ್ನ ನೋಡೋಕೆ ಅಂತಾನೇ ರಾತ್ರಿಯೆಲ್ಲಾ ಬಸ್ಸಲ್ಲಿ ಕೂತ್ ಬಂದಿದ್ದಲ್ವಾ?"

"ಹೂಂ, ಅದಕ್ಕೇ ಬಂದೆ. ಆದ್ರೆ ಇವಳು ಇಲ್ಲಿ ಹೀಗೆ ಮಾತಾಡ್ತಾ ಇದ್ರೆ ನಾನು ಅಲ್ಲಿ ಹೇಗೆ ಕೂರ್ಲಿ ಹೇಳು?"

"ಸಿಟ್ಟು ಬಂದಿದೆ ನಿಂಗೆ. ಬಯ್ಯಿ, ಕೊಕುಮ್. ಬಯ್ದುಬಿಡು."

"ಸಿಟ್ಟಿಲ್ಲ. ಹೋಗು, ನಿನ್ ಹೆಸರು ತಪ್ಪಿಹೋಗುತ್ತೆ."

ಒಂದು ಬೈಗುಳ ಬಿದ್ದಿದ್ದರೆ ಹುಡುಗಿಗೆ ಜೀವ ಹಗುರಾಗುತ್ತಿತ್ತು. ಬೀಳಲಿಲ್ಲ. ಅವಳು ಎದ್ದು, ಮಂಡಿ ಕೊಡವಿಕೊಂಡು ಹೋಗಿ ಸಾಲಿನಲ್ಲಿ ನಿಂತಳು.

ಹೆಸರು ಕೂಗಿದರು. ತಾನಿಸ್ ಮೆಟ್ಟಿಲು ಹತ್ತಿದಳು. ಯಾರೋ ಕೈ ಕುಲುಕಿದರು, ಸುರುಳಿಯೊಂದನ್ನು ಕೈಗಿಟ್ಟರು, ಅಭಿನಂದನೆ ಎಂದರು. ಅವಳ ಕಣ್ಣು ಚಪ್ಪಾಳೆ ತಟ್ಟುತ್ತಿದ್ದ ಕುರ್ಚಿಗಳನ್ನು ದಾಟಿ ಅಂಗಳಕ್ಕೆ ಹೋಯಿತು. ಅಜ್ಜಿಯ ಬಗ್ಗಿದ ಬೆನ್ನು ಕಂಡಿತು. ಸುತ್ತ ಆರೇಳು ಜನ ಮಂಡಿಯೂರಿದ್ದರು. ಡಾರಿಯಾ, ಕೋಟು ಬಿಚ್ಚಿಟ್ಟ ಸೂಟಿನವನು, ಚಳಿಗಾಲದಲ್ಲಿ ಒಟ್ಟಿಗೆ ನಕ್ಕಿದ್ದ ಹುಡುಗರು. ಯಾರೂ ವೇದಿಕೆಯ ಕಡೆ ನೋಡುತ್ತಿರಲಿಲ್ಲ.

ತಾನಿಸ್ ಅಲ್ಲಿ ನಿಲ್ಲಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ನಿಂತಳು, ಅಜ್ಜಿ ಒಂದು ಸಲ ತಿರುಗಲಿ ಎಂದು. ಮುಂದಿನ ಹೆಸರು ಕೂಗಿದರು. ಮರಗಳ ಕಡೆಯಿಂದ ಗಾಳಿ ಎದ್ದು ಹತ್ತಿ ಮತ್ತೆ ಹಾರಿಬಂತು. ಅಜ್ಜಿ ಸ್ಕಾರ್ಫನ್ನು ಜಾಡಿಸಿ, ಆಗಲೇ ಗುಡಿಸಿದ್ದ ಜಾಗವನ್ನು ಮತ್ತೆ ಮೊದಲಿನಿಂದ ಗುಡಿಸತೊಡಗಿದಳು.