ಮೂರನೆಯ ಪಿಂಡದ ಹೆಸರು

ಸುಂದರಮ್ಮ ತೀರಿಕೊಂಡು ಒಂದು ವರ್ಷವಾಗಿತ್ತು. ಪೀಳಮೇಡಿನ ಮನೆಯ ಹಜಾರದಲ್ಲಿ ಮಗ ಸುಮಧ್ವ ದರ್ಭೆಯ ಪವಿತ್ರ ತೊಟ್ಟು ತಾಯಿಯ ಶ್ರಾದ್ಧಕ್ಕೆ ಕುಳಿತಿದ್ದ. ಎಂದಿನ ಪುರೋಹಿತರು ಊರಲ್ಲಿರಲಿಲ್ಲ. ಬದಲಿಗೆ ಬಂದವರು ಚಿಕ್ಕ ವಯಸ್ಸಿನವರು, ಅವಸರದವರು. ಮೂರು ಪಿಂಡಕ್ಕೆ ಮೂರು ಹೆಸರು ಬೇಕು. ತಾಯಿಯದಾಯಿತು, ಅಜ್ಜಿಯದಾಯಿತು.

"ಮುತ್ತಜ್ಜಿ ಹೆಸರು?"

ಸುಮಧ್ವ ಅಪ್ಪನ ಮುಖ ನೋಡಿದ. ಕೃಷ್ಣಮೂರ್ತಿಗಳಿಗೆ ಅದು ತಮ್ಮನ್ನು ಸಾಕಿದ ಅಜ್ಜಿಯ ಹೆಸರು. ಸುಂದರಮ್ಮನ ಹನ್ನೆರಡನೆಯ ದಿನ ತಡವರಿಸದೆ ಹೇಳಿದ್ದ ಹೆಸರು. ಬಾಯಿ ತೆರೆದರು. ಅಜ್ಜಿಯ ಮೂಗುಬೊಟ್ಟು ಬಂತು, ಅವಳು ಕಲಸಿ ಕೈಗಿಡುತ್ತಿದ್ದ ತುತ್ತು ಬಂತು, ಹೆಸರು ಮಾತ್ರ ಬರಲಿಲ್ಲ.

"ಇರಿ, ಬರುತ್ತೆ."

"ತುಂಗಾಬಾಯಿಯಾ ಮಾವ?" ಸೊಸೆ ಪದ್ಮಪ್ರಿಯಾ ಕೇಳಿದಳು.

"ಅಲ್ಲ."

"ರುಕ್ಮಿಣೀಬಾಯಿ?" ಸುಮಧ್ವ ಸೇರಿಸಿದ.

"ಸುಮ್ಮನಿರಿ ಇಬ್ಬರೂ! ನೀವು ಒಂದೊಂದು ಹೆಸರು ಎಸೆದಷ್ಟೂ ಅದು ಹಿಂದಕ್ಕೆ ಹೋಗುತ್ತೆ!"

"ಪರವಾಗಿಲ್ಲ ರಾಯರೇ, ವಯಸ್ಸಾಯ್ತಲ್ಲ," ಎಂದರು ಪುರೋಹಿತರು. "ಲಕ್ಷ್ಮೀಬಾಯಿ ಅಂತ ಹೇಳಿಬಿಡೋಣ. ನಾನಿನ್ನೂ ಮೆಟ್ಟುಪಾಳ್ಯಂಗೆ ಹೋಗಬೇಕು." ಹೇಳಿ, ಪಿಂಡ ಇಡಿಸಿಯೂಬಿಟ್ಟರು.

ಕೃಷ್ಣಮೂರ್ತಿಗಳಿಗೆ ಮೈ ಉರಿಯಿತು. ಮಿಲ್ಲಿನಲ್ಲಿದ್ದಾಗ ನೂಲನ್ನು ಬೆರಳಲ್ಲಿ ಉಜ್ಜಿದೊಡನೆ ಅದು ಎಷ್ಟು ಸಣ್ಣದೆಂದು ನಂಬರು ಹೇಳುತ್ತಿದ್ದ ಮನುಷ್ಯ. ಈಗ ಅಂಗಡಿಯವನು ಏನಾದರೂ ಕೇಳಿದರೆ, ಇವರಿಗೆ ಉತ್ತರ ಹೊಳೆಯುವಷ್ಟರಲ್ಲಿ ಅವನು ಮುಂದಿನವರತ್ತ ತಿರುಗಿರುತ್ತಾನೆ. ಮರೆತದ್ದಲ್ಲ, ಬರಲು ಹೊತ್ತು ಬೇಕು, ಅಷ್ಟೇ. ಅದನ್ನು ಯಾರಿಗೆ ತಿಳಿಸುವುದು? ಸುಂದರಮ್ಮನಿಗೆ ತಿಳಿದಿತ್ತು. ಇವರು ಮಾತಿನ ನಡುವೆ ನಿಂತುಬಿಟ್ಟರೆ ಆಕೆ ಬತ್ತಿ ಹೊಸೆಯುತ್ತ, ಮುಖ ಕೂಡ ನೋಡದೆ, "ಬರುತ್ತೆ ಬಿಡಿ, ಎಲ್ಲಿಗೆ ಹೋಗುತ್ತೆ," ಎನ್ನುತ್ತಿದ್ದಳು.

ಊಟವನ್ನು ಅರ್ಧಕ್ಕೇ ಬಿಟ್ಟರು. ಎದ್ದು ದೇವರ ಮನೆಗೆ ಹೋಗಿ ಆಕೆಯ ಹತ್ತಿಯ ಡಬ್ಬಿ ತೆರೆದು ಕುಳಿತರು. ಒಂದು ಬತ್ತಿ ಹೊಸೆದರು, ಸೊಟ್ಟಗಾಯಿತು. ಇನ್ನೊಂದು. ನಾಲ್ಕನೆಯದು ಕೈಯಲ್ಲಿದ್ದಾಗ, ಕರೆಯದೆಯೇ ಬಂತು.

"ಜೀವೂಬಾಯಿ!"

ಬತ್ತಿ ಹಿಡಿದೇ ಹೊರಗೆ ಓಡಿದರು. ಪುರೋಹಿತರು ಸ್ಕೂಟರ್ ಏರಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

"ಎಲ್ಲ ಮುಗೀತಲ್ಲ ರಾಯರೇ. ಯಾರಿಗೆ ಕೊಟ್ಟದ್ದು ಅಂತ ದೇವರಿಗೆ ಗೊತ್ತಿರುತ್ತೆ."

"ದೇವರಿಗೆ ಗೊತ್ತಿರುತ್ತೆ, ಸ್ವಾಮಿ. ಹಿರಿಯರ ಸಾಲಲ್ಲಿ ನನ್ನ ಹೆಂಡತಿ ಯಾರ ಪಕ್ಕ ಕೂತಿದ್ದಾಳೆ ಅಂತ ನನಗೂ ಗೊತ್ತಾಗಬೇಕು. ಹೆಲ್ಮೆಟ್ ತೆಗೀರಿ."

ಸುಮಧ್ವ ಒಂದು ಗಳಿಗೆ ಅಪ್ಪನನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ದರ್ಭೆ, ಎಳ್ಳು, ನೀರು ತಂದಿಟ್ಟು, ಮತ್ತೆ ದಕ್ಷಿಣಕ್ಕೆ ಮುಖ ಮಾಡಿ ಕುಳಿತ. ಪುರೋಹಿತರು ಗೊಣಗುತ್ತಲೇ ಮಂತ್ರ ಎತ್ತಿಕೊಂಡರು. ಹೆಸರಿನ ಜಾಗ ಬಂದಾಗ ಕೃಷ್ಣಮೂರ್ತಿಗಳೇ ಹೇಳಿದರು, ನಿಧಾನವಾಗಿ. ಮಗ ಎಳ್ಳುನೀರು ಬಿಟ್ಟ.

ಪದ್ಮಪ್ರಿಯಾ ಆಗಲೇ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು.

"ಬರ್ಕೋಮ್ಮ," ಎಂದರು ಕೃಷ್ಣಮೂರ್ತಿಗಳು. "ಆದ್ರೂ ಮುಂದಿನ ವರ್ಷ ಮೊದಲು ನನ್ನನ್ನೇ ಕೇಳು. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರು."