ಎದುರಿಗೇ ಅಳಿಸಿದ ಡಿಸೈನು

ದೊಡ್ಡಬಳ್ಳಾಪುರದ ಮಗ್ಗದವರಿಗೆ ಸೀರೆ ಅಂಚಿನ ಡಿಸೈನು ಬರೆದುಕೊಡುತ್ತಿದ್ದ ಶಫೀವುಲ್ಲಾರ ಬಲಗೈ ಲಕ್ವಾ ಹೊಡೆದು ಬಿದ್ದುಹೋಯಿತು. ಇನ್ನು ಅವರು ಒಂದು ಬಳ್ಳಿಯನ್ನೂ ಎಳೆಯಲಾರರು. ಮಾರದೆ ಉಳಿದಿದ್ದ ಮುನ್ನೂರು ಡಿಸೈನುಗಳನ್ನು ಮಗಳು ಜಬೀನ್ ಆರು ತಿಂಗಳು ಕೂತು ಕಂಪ್ಯೂಟರಿಗೆ ಹತ್ತಿಸಿದಳು. ಹತ್ತಿಸಿದ್ದೇ ತಡ, ಅಣ್ಣ ರೆಹಾನ್ ಹಾಳೆಗಳನ್ನೆಲ್ಲ ಗುಜರಿಗೆ ಹಾಕಿದ. ಮಹಾ ಬುದ್ಧಿವಂತ!

"ಬ್ಯಾಕಪ್ ಅಂತ ಬೇರೇನೇ ಇಡ್ಬೇಕು ಭಯ್ಯಾ. ಬರೀ ಸಿಂಕ್ ಸಾಲಲ್ಲ. ಇಲ್ಲಿ ಏನು ಮಾಡಿದ್ರೂ ಅಲ್ಲೂ ಹಂಗೇ ಆಗುತ್ತೆ," ಎಂದಳು ಜಬೀನ್.

"ಕ್ಲೌಡಲ್ಲಿ ಒಂದು ಕಾಪಿ ಇದೆ ತಾನೇ? ಸಾಕು ಬಿಡು. ನಿಂಗೆ ಎಲ್ಲದಕ್ಕೂ ಭಯ."

ಅವನ ಮಾತೇ ನಡೆಯಿತು. ಆ ಮನೆಯಲ್ಲಿ ಕೆಲಸ ಅವಳದು, ತೀರ್ಮಾನ ಅವನದು.

ಅಬ್ಬಾ ಶಫೀವುಲ್ಲಾ ಒಂದು ಕಟ್ಟಳೆ ಪಾಲಿಸಿಕೊಂಡು ಬಂದಿದ್ದರು. ಡಿಸೈನು ಮಾರಿದರೆ ಕೊಂಡವನ ಎದುರಿಗೇ ಹಾಳೆ ಹರಿದುಹಾಕುವುದು. ಅದು ಇನ್ನೊಬ್ಬರ ಮಗ್ಗ ಹತ್ತಬಾರದು.

ಜಬೀನ್ ತನ್ನ ಖಾಲಾನ, ಅಂದರೆ ಚಿಕ್ಕಮ್ಮನ, ಆರೈಕೆಗೆಂದು ಹೊಸಕೋಟೆಗೆ ಹೋಗಿದ್ದಾಗ ಮಗ್ಗದ ಮಾಲೀಕ ಮುರಳಿ ಬಂದು ಗಿಣಿ ಅಂಚೊಂದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡ. "ಇದ್ನೇ ಬೇರೆ ಫೈಲಲ್ಲಿ ಇಟ್ಕೊಂಡಿಲ್ಲ ತಾನೇ?" ಎಂದು ಅನುಮಾನಪಟ್ಟ.

"ನಿಮಗಿಂತ ಹೆಚ್ಚಾ ಮುರಳಣ್ಣ?" ಎಂದ ರೆಹಾನ್ ಮುನ್ನೂರೂ ಇದ್ದ ಇಡೀ ಫೋಲ್ಡರನ್ನೇ ಅಳಿಸಿದ. ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ ತೋರಿಸಿದ. ಕ್ಲೌಡಿನಲ್ಲಿ ಎಲ್ಲ ಭದ್ರ, ಅದೇ ಗಿಣಿಯನ್ನು ನಾಳೆ ಇನ್ನೊಬ್ಬನಿಗೂ ಮಾರಬಹುದು ಎಂಬ ಹಂಚಿಕೆ ಅವನದು.

ಎರಡು ತಿಂಗಳ ಮೇಲೆ ಜಬೀನ್ ಮನೆಗೆ ಬಂದಳು. "ಕ್ಲೌಡಿಂದ ಆ ಗಿಣಿ ತೆಗ್ದುಕೊಡು," ಎಂದ ರೆಹಾನ್, ನಡೆದದ್ದನ್ನು ನಗುತ್ತಲೇ ಹೇಳಿದ. ಅವಳು ತೆರೆದು ನೋಡಿದಳು. ಒಂದೂ ಇರಲಿಲ್ಲ. ಇಲ್ಲಿ ಅಳಿಸಿದಾಗಲೇ ಅಲ್ಲೂ ಅಳಿಸಿಹೋಗಿತ್ತು; ಅಳಿಸಿದ್ದು ಅಲ್ಲಿನ ಬಿನ್ನಿನಲ್ಲಿ ಉಳಿಯುವುದು ಮೂವತ್ತೇ ದಿನ.

"ನೀನು ಮೊದ್ಲೇ ಸರಿಯಾಗಿ ಹೇಳ್ಬೇಕಿತ್ತು," ಎಂದು ಅವಳ ಮೇಲೇ ಹರಿಹಾಯ್ದು ಬೈಕ್ ಹತ್ತಿ ಹೋದ. ಜಬೀನಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಒಳಗಿನಿಂದ ಅಬ್ಬಾ ಕೋಲೂರಿಕೊಂಡು ಬಂದರು. ಮುಖ ಅರಳಿತ್ತು. "ಮುರಳಿ ಸಿಕ್ಕಿದ್ದ ಕಣಮ್ಮ. ನಿನ್ನಣ್ಣ ಆ ಗಿಣಿ ಅಂಚನ್ನ ಅವನೆದುರಿಗೇ ಅಳಿಸಿದನಂತೆ. ನನ್ನ ಮಾತು ಉಳಿಸಿದ ನೋಡು!" ಕೋಲು ಒರಗಿಸಿ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಜೇಬಿನಿಂದ ಪೆನ್ಸಿಲ್ ತೆಗೆದರು. "ಎಡಗೈಲಿ ಬರೆಯೋದು ಕಲೀತಾ ಇದೀನಿ. ಆ ನವಿಲಿಂದು ತೆಗಿ, ನೋಡ್ಕೊಂಡು ಬರೀತೀನಿ."

ಜಬೀನ್ ಕೈ ಚಾಚಿ ಕಂಪ್ಯೂಟರಿನ ಸ್ವಿಚ್ ಆರಿಸಿಬಿಟ್ಟಳು. "ಕರೆಂಟ್ ಹೋಯ್ತು ಅಬ್ಬಾ."

ಬೀದಿಯುದ್ದಕ್ಕೂ ಪವರ್‌ಲೂಮುಗಳು ಧಡಧಡ ಓಡುತ್ತಿದ್ದವು. ಅಬ್ಬಾ ಅದನ್ನು ಕೇಳಿಸಿಕೊಂಡರು, ಮಗಳ ಮುಖ ನೋಡಿದರು. ಎಡಗೈಯಲ್ಲಿದ್ದ ಪೆನ್ಸಿಲನ್ನು ಮೇಜಿನ ಮೇಲಿಟ್ಟರು.